ಟಿಕೆಟ್ ಸಂಖ್ಯೆಯೊಂದೇ ಸಾಲದು

ಕಮಿಟ್ ಸಂದೇಶ, ಅಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಟಿಪ್ಪಣಿ, ಹೇಗಿರಬೇಕೆಂಬ ಲೇಖನ ಓದಿದೆ. ‘ಕಮಿಟ್ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ಇದ್ದರೆ ಸಾಕು, ಉಳಿದದ್ದೆಲ್ಲ ಜಿರಾದಲ್ಲಿ (ಕೆಲಸಗಳನ್ನು ಟಿಕೆಟ್‌ಗಳಾಗಿ ದಾಖಲಿಸುವ ಸಾಧನ) ಸಿಗುತ್ತದೆ’ ಎಂಬ ಲೇಖಕರ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ನಾನು ಮಡಿಕೇರಿಯ ಮನೆಯಿಂದ ಕೆಲಸ ಮಾಡುವವಳು. ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟು, ಇಂಟರ್ನೆಟ್ ಎರಡೂ ಹೋದರೆ ಜಿರಾ ತೆರೆಯುವುದೇ ಇಲ್ಲ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸ ಮಾತ್ರ ಪೂರ್ತಿಯಾಗಿ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡೋಣವೆಂದು ಕಮಿಟ್‌ಗಳ ಪಟ್ಟಿಯಾದ ‘ಗಿಟ್ ಲಾಗ್’ ನೋಡಿದರೆ ಸಾಲುಸಾಲಾಗಿ ಬರೀ ಸಂಖ್ಯೆಗಳು! ಕೋಡ್‌ನಲ್ಲಿ ಒಂದು ಷರತ್ತನ್ನು ಏಕೆ ಸೇರಿಸಿದರು, ಹಳೆಯದನ್ನು ಏಕೆ ತೆಗೆದರು ಎಂದು ಯಾರನ್ನು ಕೇಳುವುದು? ಕಂಪನಿ ನಾಳೆ ಜಿರಾ ಬಿಟ್ಟು ಬೇರೆ ಸಾಧನಕ್ಕೆ ಹೋದರಂತೂ, ನೆಟ್‌ವರ್ಕ್ ಇರುವ ಬೆಂಗಳೂರಿನವರಿಗೂ ಇದೇ ಗತಿ.

ಸಂಖ್ಯೆ ಬೇಡವೆನ್ನುತ್ತಿಲ್ಲ, ಕಡ್ಡಾಯವಾಗಲಿ. ಅದರ ಕೆಳಗೆ ಕಾರಣವನ್ನೂ ಎರಡು ಸಾಲು ಬರೆಯಿರಿ.

ಇನ್ನೊಂದು ವಿಷಯ: ಸಂಖ್ಯೆಯಿಲ್ಲದ ಕಮಿಟ್ ತಡೆಯಲು ಲೇಖನ ಸೂಚಿಸುವ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ತಪಾಸಣೆ), ರೆಪೊಸಿಟರಿಯನ್ನು (ಕೋಡ್ ಭಂಡಾರ) ಕ್ಲೋನ್ ಮಾಡಿದವರಿಗೆ, ಅಂದರೆ ನಕಲು ಇಳಿಸಿಕೊಂಡವರಿಗೆ, ತಾನಾಗಿ ಬರುವುದಿಲ್ಲ. ಪ್ರತಿಯೊಬ್ಬರೂ ಹಾಕಿಕೊಳ್ಳಬೇಕು, ಹಾಕಿಕೊಂಡವರೂ ‘ನೋ ವೆರಿಫೈ’ ಆಯ್ಕೆಯಿಂದ ಅದನ್ನು ದಾಟಬಹುದು. ಹಾಗಾಗಿ ಎಲ್ಲರ ಕೋಡ್ ಬಂದು ಸೇರುವ ಸರ್ವರ್‌ನಲ್ಲೂ ಅದೇ ತಪಾಸಣೆ ಇಡಬೇಕೆಂದು ಲೇಖಕರು ಹೇಳಲೇಬೇಕಿತ್ತು.