ಹೊಟ್ಟೆ ಉಬ್ಬಿದ್ದಕ್ಕೆಲ್ಲ ಕತ್ತರಿ ಬೇಡ ಮಾರಾಯ್ರೆ

ಥಾಣೆಯ ಆಸ್ಪತ್ರೆಯಿಂದ ಈಗಷ್ಟೇ ಡೊಂಬಿವಲಿಗೆ ಬಂದೆ. ತಲೆ ಬಿಸಿಯಾಗಿದೆ, ಬರೆಯದೆ ನಿದ್ದೆ ಬರುವುದಿಲ್ಲ.

ನಮ್ಮ ಹುಡುಗನ ಕತೆ ನಿಮಗೆ ಗೊತ್ತು. ಮೆಲಾಸ್ ಅನ್ನುವ ಅಪರೂಪದ ಹುಟ್ಟು ಕಾಯಿಲೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಡಿಎನ್‌ಎಯ 16,569 ಅಕ್ಷರಗಳಲ್ಲಿ 3243ನೇದು ಎ ಬದಲು ಜಿ ಆಗಿದೆ, ಅಷ್ಟೇ. ಅವನಮ್ಮನಿಗೆ ಶುಗರ್, ಕಿವಿಯೂ ಮಂದ. ಅದೂ ಇದರದ್ದೇ ಅಂತ ವರ್ಷಗಟ್ಟಲೆ ಯಾರಿಗೂ ಹೊಳೆದಿರಲಿಲ್ಲ.

ಈಗ ಅವನ ಹೊಟ್ಟೆ ಉಬ್ಬಿದೆ. ವಾಂತಿ. ಗ್ಯಾಸೂ ಹೋಗುತ್ತಿಲ್ಲ. ಮಾಟುಂಗದ ದೊಡ್ಡಪ್ಪ ವಾರ್ಡಿಗೆ ಕಾಲಿಟ್ಟವರೇ, "ಒಂದು ಆಪರೇಷನ್ ಮಾಡಿಸಿ ಮುಗಿಸಿ, ದುಡ್ಡು ನಾನು ಕೊಡ್ತೇನೆ" ಅಂದರು. ಉಳಿದವರೆಲ್ಲ ತಲೆ ಆಡಿಸಿದರು. ಆಹಾ, ಎಂಥ ದೊಡ್ಡ ಮನಸ್ಸು!

ಏನನ್ನು ಕೊಯ್ಯುವುದು? ಸಿಟಿ ಸ್ಕ್ಯಾನಿನಲ್ಲಿ ಕರುಳು ಉಬ್ಬಿದ್ದು ಕಂಡಿದೆ, ಅಡ್ಡ ಏನೂ ಇಲ್ಲ. ಗಂಟಿಲ್ಲ, ತಿರುಚಿಕೊಂಡೂ ಇಲ್ಲ. ಕರುಳಿನ ಸ್ನಾಯುವಿಗೂ ನರಕ್ಕೂ ಶಕ್ತಿ ಸಾಲದೆ ಅದು ನಿಂತಿದೆ. ಓವರ್‌ಹೆಡ್ ವೈರಿನಲ್ಲಿ ಕರೆಂಟಿಲ್ಲದೆ ಲೋಕಲ್ ನಿಂತರೆ ಹಳಿ ಕೀಳುತ್ತೀರಾ?

ಥಿಯೇಟರ್ ಸಿಸ್ಟರ್ ಆಗಿ ಸರ್ವಿಸ್ ಮುಗಿಸಿದವಳು ನಾನು. ಕತ್ತರಿ ಅಂದರೆ ನನಗೇನೂ ಅಲರ್ಜಿ ಇಲ್ಲ. ಆದರೆ ಈ ಕಾಯಿಲೆಯವರಿಗೆ ಉಪವಾಸ, ಅರಿವಳಿಕೆ, ಆಪರೇಷನ್ನಿನ ಸುಸ್ತು, ಎಲ್ಲವೂ ಭಾರ. ಶಕ್ತಿ ಸಾಲದಾಗ ಸೇರಿಕೊಳ್ಳುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತದೆ, ಸ್ಟ್ರೋಕ್‌ನಂಥದ್ದೇ ಬರಬಹುದು. ಹೊಟ್ಟೆ ತೆರೆದು, ಏನೂ ಸಿಗದೆ, ಹೊಲಿದು ಹೊರಗೆ ತಂದರೆ ಕರುಳು ಓಡುತ್ತದಾ? ಇನ್ನೂ ಮಂಕಾಗುತ್ತದೆ. ಅದಕ್ಕೇ ಅಲ್ಲಿನ ಡಾಕ್ಟರು ಮೂಗಿನಿಂದ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡುತ್ತಿದ್ದಾರೆ. ಲ್ಯಾಕ್ಟೇಟ್ ಇರುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬೇಡ ಅಂತ ಬರೆದು ಸಕ್ಕರೆ ನೀರಿನ ಡೆಕ್ಸ್‌ಟ್ರೋಸ್ ಓಡಿಸಿದ್ದಾರೆ, ಪೊಟ್ಯಾಸಿಯಂ ನೋಡುತ್ತಿದ್ದಾರೆ. ದೊಡ್ಡಪ್ಪನಿಗೆ ಇದು "ಸುಮ್ನೆ ಕೂತಿದ್ದು".

"ಕರುಳು ಒಡೆದರೆ?" ಅಂತ ಭಾವ ಕೇಳಿದರು. ಒಡೆದರೆ, ರಕ್ತ ಹೋಗದೆ ಕಪ್ಪಾದರೆ, ಕೊಯ್ಯಲೇಬೇಕು. ಅದಕ್ಕೇ ಸರ್ಜನ್ ದಿನಾ ಬಂದು ಹೊಟ್ಟೆ ಒತ್ತಿ ನೋಡುವುದು. ಒಡೆದಾಗ ಮಾಡುವ ಕೆಲಸವನ್ನು ಒಡೆಯುವ ಮೊದಲೇ ಯಾಕೆ ಮಾಡಿಸಬೇಕು, ಮುಹೂರ್ತ ಚೆನ್ನಾಗಿದೆ ಅಂತಲಾ?

ನನಗೆ ಹೆದರಿಕೆ ಇಲ್ಲ ಅಂದುಕೊಳ್ಳಬೇಡಿ. ಅವನು ನಿದ್ದೆ ಹೋದ ಮೇಲೆ ನಾನೂ ಹೊಟ್ಟೆ ಮುಟ್ಟಿ ನೋಡುತ್ತೇನೆ, ಗಟ್ಟಿಯಾಗಿದೆಯಾ ಅಂತ. ಕೈ ನಡುಗುತ್ತದೆ. ಹಾಗಂತ ನನ್ನ ಹೆದರಿಕೆ ಇಳಿಸಲು ಅವನ ಹೊಟ್ಟೆ ಕೊಯ್ಯಿಸಬೇಕಾ?

ಅಪರೂಪದ ಕಾಯಿಲೆ ಅಂತ ನಾವು ಹೇಳುವಾಗ "ಪಾಪ" ಅನ್ನುತ್ತೀರಿ. ಅಪರೂಪದ ಕಾಯಿಲೆಗೆ ಬೇರೆ ಲೆಕ್ಕ ಅಂದಾಗ ಮಾತ್ರ ನಿಮಗೆಲ್ಲ ಸಿಟ್ಟು.

ನಾಳೆ ನೋಡಲು ಬರುವವರು ಎಳನೀರು, ಇಡ್ಲಿ ತರಬೇಡಿ. ಬಾಯಿಗೆ ಏನೂ ಕೊಡುವ ಹಾಗಿಲ್ಲ. ಸಲಹೆಯನ್ನೂ ಮನೆಯಲ್ಲೇ ಇಟ್ಟು ಬನ್ನಿ. ಅವನಮ್ಮ ಬೆಂಚಿನಲ್ಲೇ ಮಲಗುತ್ತಾಳೆ, ರಾತ್ರಿ ಯಾರಾದರೂ ಅವಳ ಬದಲು ಕೂರುತ್ತೀರಾದರೆ ನನಗೆ ಫೋನ್ ಮಾಡಿ.