ತೋಲ್ಬಾ ಬಗ್ಗೆ ಇನ್ನೊಂದಿಷ್ಟು

ಓಝೋನ್ ಪದರದ ಬಗ್ಗೆ ಬರೆದ ನಿಮ್ಮ ಲೇಖನದಲ್ಲಿ ಮುಸ್ತಫಾ ತೋಲ್ಬಾ ಅವರನ್ನು ‘ಓಝೋನ್ ಒಪ್ಪಂದ ಮಾಡಿಸಿದವರು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಸ್ವಲ್ಪ ಅನ್ಯಾಯ ಅಲ್ವಾ? ಈಜಿಪ್ಟಿನ ಈ ಸಸ್ಯವಿಜ್ಞಾನಿ 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮಾವೇಶಕ್ಕೆ ತಮ್ಮ ದೇಶದ ನಿಯೋಗದ ಮುಖ್ಯಸ್ಥರಾಗಿ ಹೋದವರು. ಆಮೇಲೆ 1992ರವರೆಗೆ ನೈರೋಬಿಯಲ್ಲಿ ಕೂತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವನ್ನು ನಡೆಸಿದರು.

ನನಗೆ ಜಾಸ್ತಿ ಇಷ್ಟವಾಗೋದು ಅವರ ಕೆಲಸದ ರೀತಿ. ದೊಡ್ಡ ಸಭೆಯಲ್ಲಿ ಎಲ್ಲರೂ ಭಾಷಣ ಬಿಗಿಯುತ್ತಾರೆ, ಒಬ್ಬರೂ ಪಟ್ಟು ಬಿಡುವುದಿಲ್ಲ. ಅದಕ್ಕೇ ಅವರು ಮುಖ್ಯ ದೇಶಗಳ ಕೆಲವರನ್ನಷ್ಟೇ ಸಣ್ಣ ಕೋಣೆಗೆ ಕರೆದು ಮಾತಾಡಿಸುತ್ತಿದ್ದರು. 1985ರ ಮಾರ್ಚ್‌ನಲ್ಲಿ ಓಝೋನ್ ಪದರ ಉಳಿಸುವ ವಿಯೆನ್ನಾ ಒಪ್ಪಂದಕ್ಕೆ ಸಹಿ ಬಿದ್ದಾಗ ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ವರದಿ ಇನ್ನೂ ಅಚ್ಚಾಗಿರಲಿಲ್ಲ, ಅದು ಬಂದದ್ದು ಮೇ ತಿಂಗಳಲ್ಲಿ! ಓಝೋನ್‌ಗೆ ಹಾನಿ ಮಾಡುವ ರಾಸಾಯನಿಕಗಳನ್ನು ಕಡಿಮೆ ಮಾಡುವ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಬಡ ದೇಶಗಳಿಗೆ 10 ವರ್ಷ ಹೆಚ್ಚು ಕಾಲಾವಕಾಶ ಸಿಕ್ಕಿತು. 1990ರಲ್ಲಿ ಲಂಡನ್‌ನಲ್ಲಿ ಆ ದೇಶಗಳ ಖರ್ಚಿಗೆ ನೆರವಾಗುವ ನಿಧಿಯೂ ಒಪ್ಪಿಗೆಯಾಯಿತು. ಹಣದ ಮಾತು ಇತ್ಯರ್ಥವಾದ ಮೇಲೇ ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ್ದು. ಸುಮ್ನೆ ಹಟ ಮಾಡಿದ್ದಲ್ಲ.

ಅಪಾಯಕಾರಿ ಕಸವನ್ನು ಗಡಿ ದಾಟಿಸುವುದಕ್ಕೆ ಕಡಿವಾಣ ಹಾಕಿದ 1989ರ ಬಾಸೆಲ್ ಒಪ್ಪಂದದಲ್ಲೂ ಅವರ ಕೈ ಇತ್ತು. ಅದರ ಬಗ್ಗೆಯೂ ಬರೆಯಿರಿ ಸರ್.