ಪೊರಕೆ ಹೋಗದ ಜಾಗ

ಬೆಂಗಳೂರಿನ ನಮ್ಮ ಕ್ರಾಸ್‌ನಲ್ಲಿ ಬಿಳಿ ಓಮ್ನಿ ಒಂದು ನಾಲ್ಕು ವರ್ಷದಿಂದ ನಿಂತಿತ್ತು. ಟೈರೆಲ್ಲ ಕೂತುಹೋಗಿ ರಿಮ್ ನೆಲ ಮುಟ್ಟಿತ್ತು. ಗಾಜಿನ ಧೂಳಿನಲ್ಲಿ ಮಕ್ಕಳು ಅ ಆ ಇ ಈ ಬರೆಯುತ್ತಿದ್ದರು. ಮೊದಲು ಯಾರೋ ಅದರ ಪಕ್ಕ ಟೀ ಕಪ್ ಎಸೆದರು. ಆಮೇಲೆ ಎಳನೀರು ಬುರುಡೆ ಬಂತು. ಆಮೇಲೆ ರಾತ್ರಿ ಹೊತ್ತು ಕಸದ ಕವರ್‌ಗಳು, ಮನೆ ಒಡೆದ ಇಟ್ಟಿಗೆ ಚೂರಿನ ಮೂಟೆ.

ಬೆಳಿಗ್ಗೆ ಗುಡಿಸಲು ಬರುವ ಪೌರಕಾರ್ಮಿಕ ಅಕ್ಕನನ್ನು ಒಂದು ದಿನ ಕೇಳಿದೆ. "ಗಾಡಿ ಕೆಳಗೆ ಪೊರಕೆ ಹೋಗಲ್ಲ ಅಣ್ಣ. ಬಗ್ಗಿ ಕೈ ಹಾಕಿದ್ರೆ ಗಾಜು ಚುಚ್ಚುತ್ತೆ. ಸುತ್ತ ಗುಡಿಸಿ ಹೋಗ್ತೀನಿ" ಅಂದರು. ಮೋರಿಗೆ ನೀರು ಇಳಿಯುವ ಕಂಡಿ ಸರಿಯಾಗಿ ಆ ಗಾಡಿಯ ಕೆಳಗೇ ಇತ್ತು. ಜೋರು ಮಳೆ ಬಂದರೆ ನಮ್ಮ ಗೇಟಿನವರೆಗೂ ನೀರು.

ಡೆಂಗಿ ಸೊಳ್ಳೆಗೆ ಕೊಳಚೆಯೇ ಬೇಕಂತಿಲ್ಲ, ತಿಳಿನೀರು ಸಾಕು. ಬುರುಡೆಯಲ್ಲಿ ನಿಂತ ಸ್ವಲ್ಪ ಮಳೆನೀರಲ್ಲೇ ಒಂದೆರಡು ವಾರದಲ್ಲಿ ಹೊಸ ಸೊಳ್ಳೆಗಳು ಹುಟ್ಟುತ್ತವೆ. 2024ರಲ್ಲಿ ನಮ್ಮ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಮನೆಯೊಳಗಿನ ಡ್ರಮ್, ಹೂಕುಂಡದ ತಟ್ಟೆ ಎಲ್ಲ ಖಾಲಿ ಮಾಡಿದೆವು. ಗೇಟಿನಾಚೆಯ ಗಾಡಿ ಮಾತ್ರ ಹಾಗೇ ಇತ್ತು.

ಕಾನೂನು ಇಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ನಿಂತ ಗಾಡಿಯನ್ನು ಪೊಲೀಸರು ಎತ್ತಿಸಬಹುದು. ಖರ್ಚು ಮಾಲೀಕರದ್ದೇ. ಆದರೆ ಎತ್ತಿಸಿ ಇಡುವುದೆಲ್ಲಿ? ಠಾಣೆಗಳ ಮುಂದೆ ಜಪ್ತಿಯಾದ ಗಾಡಿಗಳೇ ತುಕ್ಕು ಹಿಡಿಯುತ್ತಿವೆ. ಅಂಥವನ್ನು ತುಂಬಾ ದಿನ ಅಲ್ಲೇ ಇಟ್ಟುಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಮಾಲೀಕರನ್ನು ನಾನೂ ಸಾಕಷ್ಟು ಬೈದುಕೊಂಡಿದ್ದೆ. ಆ ಓಮ್ನಿ ಹಿಂದಿನ ಬೀದಿಯ ನಿವೃತ್ತ ಮೇಷ್ಟರದ್ದು ಅಂತ ಆಮೇಲೆ ಗೊತ್ತಾಯಿತು. ಅವರು ತೀರಿಕೊಂಡಿದ್ದರು, ಮಗ ಪುಣೆಯಲ್ಲಿ. ಫೋನ್ ಮಾಡಿದೆ. "ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಂಕಲ್. ಯಾವ ಕಾಗದ ಎಲ್ಲಿ ಕೊಡಬೇಕು ಅಂತಲೇ ಗೊತ್ತಾಗಲಿಲ್ಲ. ಅವರು ಓಡಿಸ್ತಿದ್ದ ಗಾಡಿ, ಗುಜರಿಗೆ ಹಾಕೋಕೆ ಮನಸ್ಸೂ ಬರಲಿಲ್ಲ" ಅಂದ. ನನಗೆ ಬೈಯಲು ಮಾತೇ ಬರಲಿಲ್ಲ.

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಓಡದ ಗಾಡಿಗೆ ಅಷ್ಟು ಯಾರು ಕಟ್ಟುತ್ತಾರೆ? ಹಾಗಂತ ಸುಮ್ನೆ ಗುಜರಿಯವನಿಗೆ ಕೊಟ್ಟರೆ ದಾಖಲೆಯಲ್ಲಿ ಗಾಡಿ ನಮ್ಮ ಹೆಸರಲ್ಲೇ ಉಳಿಯುತ್ತದೆ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಅವರ ಸರ್ಟಿಫಿಕೇಟ್ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಬೇಕು. ಇದು ಎಷ್ಟು ಜನಕ್ಕೆ ಗೊತ್ತಿದೆ? ತಿಂಗಳಿಗೊಂದು ಭಾನುವಾರ ವಾರ್ಡಿನ ಮೈದಾನದಲ್ಲಿ ಆರ್‌ಟಿಒ, ಪೊಲೀಸ್, ಸ್ಕ್ರ್ಯಾಪ್ ಕೇಂದ್ರದವರು ಒಂದೇ ಶಾಮಿಯಾನದಡಿ ಕೂತರೆ ಆಗದ ಕೆಲಸವಾ ಇದು? ಲಸಿಕೆಗೆ ಹಾಗೆ ಕೂರುತ್ತಾರೆ, ಅಲ್ವಾ?

ಕಳೆದ ಶನಿವಾರ ಆ ಹುಡುಗ ಬಂದ. ಗಾಡಿ ಎತ್ತುವ ಮೊದಲು ಡ್ಯಾಶ್‌ಬೋರ್ಡಿನಿಂದ ಅಪ್ಪನ ಕನ್ನಡಕದ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ನಾವು ಸೇರಿ ಕಂಡಿಯಿಂದ ಆರು ಬಾಂಡ್ಲಿ ಹೂಳು ತೆಗೆದೆವು.

ಮುಂದಿನ ಕ್ರಾಸ್‌ನಲ್ಲಿ ಇನ್ನೆರಡು ನಿಂತಿವೆ. ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಸ್ಕೂಟರ್, ಹಾಲಿನ ಬೂತಿನೆದುರು ಒಂದು ಆಟೋ. ಯಾರದ್ದು ಅಂತ ಗೊತ್ತಿದ್ದರೆ ನನಗೆ ತಿಳಿಸಿ. ನಾನೇ ಹೋಗಿ ಮಾತಾಡುತ್ತೇನೆ.